ಅಂಚಿನ ಗೆರೆಯ ಆಟಗಾರ: ಮಾರ್ಕೆಲ್ ಸುಸಾಯೆಟಾ ಮತ್ತು ನಾವು

(ಸ್ಕೋಫೀಲ್ಡ್ಸ್‌ನಲ್ಲಿ ಸೇರಿದ್ದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಕನ್ನಡ ಕೂಟದ ವೇದಿಕೆಯ ಮೇಲೆ ಸ್ಪೇನ್ ದೇಶದ ಫುಟ್‌ಬಾಲ್ ಆಟಗಾರನೊಬ್ಬನ ವಿಚಾರವೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗಾದರೂ ಬಂದಿರುವುದು ಸಹಜ. ಕುಮಾರವ್ಯಾಸನ ಬಗೆಗೋ ವಚನಗಳ ಬಗೆಗೋ ಕೇಳಲು ಬಂದವರಿಗೆ ಇದು ತುಸು ವಿಚಿತ್ರವೆನಿಸಬಹುದು. ಆದರೆ ನಮ್ಮ ಮಕ್ಕಳು ಶನಿವಾರದ ಬೆಳಗನ್ನು ಕಳೆಯುವುದು ಬಹುಮಟ್ಟಿಗೆ ಸಾಕರ್ ಮೈದಾನಗಳಲ್ಲಿ. ಹಾಗಾಗಿ ಅವರ ಜಗತ್ತಿನಿಂದಲೇ ಒಂದು ಉದಾಹರಣೆಯನ್ನು ಎತ್ತಿಕೊಂಡು, ನಮ್ಮ ಭಾಷೆಯ ಬಗೆಗೆ ಒಂದು ಮಾತು ಹೇಳಬೇಕೆಂಬುದು ನಮ್ಮ ಉದ್ದೇಶ.

ಅಷ್ಟಕ್ಕೂ ಈ ಆಟ ನಮಗೆ ಪರಕೀಯವೇನಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ನಮ್ಮ ಮೈಸೂರು ರಾಜ್ಯದ ಕೆಂಪಯ್ಯನವರಿದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತ್ತು. 54 ವರ್ಷಗಳ ಬಿಡುವಿನ ಅನಂತರ, 2023ರ ಮಾರ್ಚ್ ತಿಂಗಳಲ್ಲಿ, ರಿಯಾದ್ ನಗರದಲ್ಲಿ ಮೇಘಾಲಯವನ್ನು ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಮನೆಗೆ ತಂದಿತು. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂದು ನಾವು ಪರಿಚಯಿಸಲಿರುವವರು ಮಾರ್ಕೆಲ್ ಸುಸಾಯೆಟಾ. 2020ರ ಜನವರಿಯಲ್ಲಿ ಮೆಲ್ಬರ್ನ್ ಸಿಟಿ ತಂಡವನ್ನು ಸೇರಿದ ಈ ಸ್ಪೇನಿನ ವಿಂಗರ್ ಇಲ್ಲಿ ಆಡಿದ್ದು ಕಡಿಮೆ. ಅವರು ಬಂದ ಎರಡೇ ತಿಂಗಳಲ್ಲಿ ಮಹಾಮಾರಿ ಕೋವಿಡ್ ಆಟವನ್ನು ನಿಲ್ಲಿಸಿತು. ಮೆಲ್ಬರ್ನಿನ ಬಂಧುಗಳು ಮನೆಯೊಳಗೇ ಕಳೆದ ಆ ಚಳಿಗಾಲ ತಮಗೆ ಮರೆತಿರಲಾರದು. ಆ ವರ್ಷದ ಆಗಸ್ಟ್ 30ರಂದು, ಇಲ್ಲಿಗೆ ದೂರವಲ್ಲದ ಪ್ಯಾರಾಮ್ಯಾಟಾದ ಕ್ರೀಡಾಂಗಣದಲ್ಲಿ, ಮೆಲ್ಬರ್ನ್ ಸಿಟಿ ತಂಡ ಅಂತಿಮ ಪಂದ್ಯವನ್ನು ಸಿಡ್ನಿ ಎಫ್.ಸಿ.ಗೆ ಹೆಚ್ಚುವರಿ ಅವಧಿಯಲ್ಲಿ 1-0ರಿಂದ ಸೋತಿತು. ಆಸ್ಟ್ರೇಲಿಯಾದ ಮಟ್ಟಿಗೆ ಸುಸಾಯೆಟಾ ಅವರದು ಪುಟದ ಅಂಚಿನಲ್ಲಿ ಬರೆದ ಒಂದು ಟಿಪ್ಪಣಿ. ಆದರೆ ಆ ಟಿಪ್ಪಣಿಯ ಹಿಂದೆ ಹನ್ನೆರಡು ವರ್ಷಗಳ ಒಂದು ದೊಡ್ಡ ಗ್ರಂಥವಿದೆ. ನಮಗೆ ಬೇಕಾಗಿರುವುದು ಅದು.

ಸುಸಾಯೆಟಾ ಹುಟ್ಟಿದ್ದು 1987ರ ಡಿಸೆಂಬರ್ 14ರಂದು, ಐಬಾರ್ ಎಂಬ ಊರಿನಲ್ಲಿ. ಬೆಟ್ಟಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ಕಾರ್ಖಾನೆಗಳೂ ಮನೆಗಳೂ ಒಂದರ ಮೇಲೊಂದು ಏರಿ ನಿಂತಂತಿರುವ ಊರು ಅದು; ಬಂದೂಕು, ಹೊಲಿಗೆ ಯಂತ್ರ, ಬೈಸಿಕಲ್ಲುಗಳ ತಯಾರಿಕೆಗೆ ಹೆಸರಾದದ್ದು. ಭೂಪಟದಲ್ಲಿ ಅದು ಸ್ಪೇನ್ ದೇಶದೊಳಗಿದ್ದರೂ ಆ ಸೀಮೆಯ ಜನ ಬಾಸ್ಕರು. ಅವರ ನುಡಿ ಎವುಸ್ಕರಾ. ಯೂರೋಪಿನ ಇತರ ಯಾವ ಭಾಷೆಯೊಂದಿಗೂ ಅದರ ನಂಟನ್ನು ಪಂಡಿತರು ಸಿದ್ಧಪಡಿಸಿಲ್ಲ. ಜನರಲ್ ಫ್ರಾಂಕೋನ ಆಳ್ವಿಕೆಯಲ್ಲಿ ಆ ನುಡಿಯನ್ನು ಶಾಲೆ ಕಚೇರಿಗಳಿಂದ ಹೊರಗಟ್ಟಲಾಗಿತ್ತು. ಇಕಸ್ತೋಲಾ ಎಂಬ ಬಾಸ್ಕ್ ಮಾಧ್ಯಮದ ಶಾಲೆಗಳು ಮನೆಗಳಲ್ಲಿ, ಚರ್ಚಿನ ಕೋಣೆಗಳಲ್ಲಿ ಸದ್ದಿಲ್ಲದೆ ನಡೆದವು. 1979ರ ಸ್ವಾಯತ್ತತೆಯ ಶಾಸನದ ಬಳಿಕವೇ ಅದಕ್ಕೆ ಅಧಿಕೃತ ಸ್ಥಾನ ದೊರಕಿದ್ದು. ಆ ಭಾಷೆಯಲ್ಲಿ ಬಾಸ್ಕ್ ಮನುಷ್ಯನಿಗೆ ಇರುವ ಹೆಸರು ಎವುಸ್ಕಲ್ದುನ್. ಅದರ ಅರ್ಥ ‘ಎವುಸ್ಕರಾ ಉಳ್ಳವನು’ ಎಂದು. ರಕ್ತದ ಮಾತಿಲ್ಲ, ಊರಿನ ಮಾತಿಲ್ಲ. ನುಡಿ ಉಳ್ಳವನೇ ನಮ್ಮವನು ಎಂಬ ತಿಳಿವಳಿಕೆ ಆ ಒಂದು ಪದದಲ್ಲಿ ಅಡಗಿದೆ. ತಡವಾಗಿ ಕಲಿತವನಿಗೂ ಅಲ್ಲಿ ಹೆಸರುಂಟು: ಎವುಸ್ಕಲ್ದುನ್ ಬೆರ್ರಿ, ಅಂದರೆ ‘ಹೊಸ’ ಎವುಸ್ಕಲ್ದುನ್.

ಬಾಸ್ಕ್ ನಾಡಿನ ಬಿಲ್ಬಾವೊ ನಗರದಲ್ಲಿ ಅಥ್ಲೆಟಿಕ್ ಕ್ಲಬ್ ಎಂಬ ಸಂಸ್ಥೆಯಿದೆ. ಸ್ಥಾಪನೆ 1898. ಹಡಗುಕಟ್ಟೆಗಳಿಗೂ ಗಣಿಗಳಿಗೂ ಬಂದ ಬ್ರಿಟಿಷರಿಂದ, ಮತ್ತು ಇಂಗ್ಲೆಂಡಿನಲ್ಲಿ ಓದಿ ಮರಳಿದ ಬಿಲ್ಬಾವೊದ ತರುಣರಿಂದ ಆಟ ಅಲ್ಲಿಗೆ ತಲುಪಿತು. ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಕ್ಲಬ್ ಒಂದು ಕಟ್ಟಳೆಯನ್ನು ಪಾಲಿಸುತ್ತ ಬಂದಿದೆ. ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಅಥವಾ ಅಲ್ಲಿಯ ಮೈದಾನಗಳಲ್ಲಿ ಪಳಗಿದವರು ಮಾತ್ರ ಅದರ ಪರವಾಗಿ ಆಡಬಹುದು. ಬರೆದ ಕಾನೂನಿಗಿಂತ ಇದು ನಡೆದುಬಂದ ಸಂಪ್ರದಾಯ. ಇತರ ಕ್ಲಬ್ಬುಗಳು ಬ್ರೆಜಿಲ್‌ನಿಂದಲೂ ಅರ್ಜೆಂಟೀನಾದಿಂದಲೂ ಕೋಟಿಗಟ್ಟಲೆ ಹಣಕ್ಕೆ ಆಟಗಾರರನ್ನು ತರಿಸಿಕೊಳ್ಳುವ ಈ ಕಾಲದಲ್ಲಿ, ಮೂವತ್ತು ಲಕ್ಷದಷ್ಟು ಜನರಿರುವ ಒಂದು ಸೀಮೆಯಿಂದಲೇ ತಂಡ ಕಟ್ಟುವುದು ಹಟವೆನಿಸಬಹುದು. ಆದರೂ ಸ್ಪೇನಿನ ಅಗ್ರ ಶ್ರೇಣಿಯಿಂದ ಒಮ್ಮೆಯೂ ಕೆಳಗಿಳಿಯದ ಕ್ಲಬ್ಬುಗಳು ಮೂರೇ: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಮತ್ತು ಈ ಅಥ್ಲೆಟಿಕ್.

ಇದು ಕೇವಲ ಅಭಿಮಾನದಿಂದ ಆದದ್ದಲ್ಲ. ಬಿಲ್ಬಾವೊ ಬಳಿಯ ಲೆಸಾಮಾ ಎಂಬ ಹಳ್ಳಿಯಲ್ಲಿ 1971ರಿಂದ ಕ್ಲಬ್ಬಿನ ತರಬೇತಿ ಕೇಂದ್ರವಿದೆ. ಹತ್ತು ಹನ್ನೊಂದು ವರ್ಷದ ಮಕ್ಕಳು ಅಲ್ಲಿಗೆ ಬರುತ್ತಾರೆ. ಕಿರಿಯರ ತಂಡಗಳು, ಆಮೇಲೆ ಬಾಸ್ಕೋನಿಯಾ, ಆಮೇಲೆ ಬಿಲ್ಬಾವೊ ಅಥ್ಲೆಟಿಕ್, ಕೊನೆಗೆ ಮೊದಲ ತಂಡ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಐಬಾರಿನ ಸುಸಾಯೆಟಾ ಅವರೂ ಲೆಸಾಮಾದಿಂದಲೇ ಮೇಲೆ ಬಂದವರು. 2007ರ ಜೂನ್‌ನಲ್ಲಿ ಕ್ಲಬ್ ಅಗ್ರ ಶ್ರೇಣಿಯಿಂದ ಜಾರಿ ಬೀಳುವ ಅಂಚಿಗೆ ಬಂದು, ಕೊನೆಯ ದಿನದ ಪಂದ್ಯದಲ್ಲಿ ಪಾರಾಗಿತ್ತು. ಎರಡು ತಿಂಗಳಾದ ಮೇಲೆ, ಹೊಸ ತರಬೇತುದಾರ ಹೋಕಿನ್ ಕಪಾರೋಸ್ ಅವರು ಇನ್ನೂ ಇಪ್ಪತ್ತು ತುಂಬದ ಈ ಹುಡುಗನನ್ನು ಬಲ ಅಂಚಿನಲ್ಲಿ ನಿಲ್ಲಿಸಿದರು. ಬೇರೆ ಕ್ಲಬ್ ಆಗಿದ್ದರೆ ಅಂಥ ಗಳಿಗೆಯಲ್ಲಿ ಅನುಭವಿಯೊಬ್ಬನನ್ನು ಕೊಂಡು ತರುತ್ತಿತ್ತು.

ವಿಂಗರ್ ಎಂದರೆ ಯಾರೆಂಬುದನ್ನು ಆಟ ನೋಡದ ತಾಯಂದಿರಿಗಾಗಿ ಎರಡು ಮಾತಿನಲ್ಲಿ ಹೇಳೋಣ. ನಮ್ಮ ಹಿರಿಯರು ರೈಟ್ ಔಟ್, ಲೆಫ್ಟ್ ಔಟ್ ಎನ್ನುತ್ತಿದ್ದರಲ್ಲ, ಅವನೇ ಇವನು. ಮೈದಾನದ ಉದ್ದಕ್ಕೂ ಎಳೆದಿರುವ ಸುಣ್ಣದ ಗೆರೆಯೇ ಅವನ ನೆಲೆ. ಚೆಂಡು ಸಿಕ್ಕಿತೆಂದರೆ ಎದುರಿಗಿರುವ ರಕ್ಷಕನನ್ನು ದಾಟಿ ಮುನ್ನುಗ್ಗಬೇಕು, ದಾಟಿದ ಮೇಲೆ ಗೋಲಿನ ಮುಂದಿರುವ ಸಂಗಾತಿಗೆ ಚೆಂಡನ್ನು ತೇಲಿಸಿ ಕೊಡಬೇಕು. ಈ ಕೆಲಸದಲ್ಲಿ ಒಂದು ವಿಶೇಷವಿದೆ. ವಿಂಗರ್ ಆದವನು ಚೆಂಡನ್ನು ಪದೇ ಪದೇ ಕಳೆದುಕೊಳ್ಳುತ್ತಾನೆ. ಹತ್ತು ಸಲ ನುಗ್ಗಿದರೆ ಆರೇಳು ಸಲ ರಕ್ಷಕನ ಕಾಲಿಗೆ ಸಿಕ್ಕಿಬೀಳುವುದು ಒಳ್ಳೆಯ ವಿಂಗರಿಗೂ ಉಂಟು. ಉಳಿದ ಮೂರು ಸಲದಲ್ಲಿ ಒಂದು ಗೋಲಾದರೆ ಅವನ ಬಾಳು ಸಾರ್ಥಕ. ಅವನು ಎಡವಿದ್ದು ಗೆರೆಯ ಬದಿಯಲ್ಲೇ ಆದ್ದರಿಂದ, ಎಲ್ಲರಿಗಿಂತ ಹತ್ತಿರದಿಂದ ನೋಡುವವರು ಪ್ರೇಕ್ಷಕರು. ಅವರ ಸಿಳ್ಳೆ ಅವನ ಕಿವಿಗೇ ತಾಗುತ್ತದೆ. ಆ ಸಿಳ್ಳೆಗೆ ಅಂಜಿದ ವಿಂಗರ್ ಏನು ಮಾಡುತ್ತಾನೆ? ಮುಂದೆ ನುಗ್ಗುವುದನ್ನು ಬಿಟ್ಟು, ಬಂದ ಚೆಂಡನ್ನೆಲ್ಲ ಹಿಂದಕ್ಕೆ ತಳ್ಳುತ್ತಾನೆ. ಆಗ ಅವನು ತಪ್ಪು ಮಾಡುವುದಿಲ್ಲ, ನಿಜ. ಆದರೆ ಅವನು ವಿಂಗರ್ ಆಗಿಯೂ ಉಳಿಯುವುದಿಲ್ಲ.

ಸುಸಾಯೆಟಾ 2007ರಿಂದ 2019ರವರೆಗೆ ಒಂದೇ ಕ್ಲಬ್ಬಿಗೆ 500ಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದರು. ಜಗದ್ವಿಖ್ಯಾತ ತಾರೆಯೇನೂ ಆಗದ ಆಟಗಾರನೊಬ್ಬ ಇಷ್ಟು ದೀರ್ಘಕಾಲ ಒಂದೇ ಅಂಗಿಯನ್ನು ತೊಟ್ಟದ್ದು ಈಚಿನ ಕಾಲದಲ್ಲಿ ಅಪರೂಪ. ಆ ವರ್ಷಗಳಲ್ಲಿ ಕ್ಲಬ್ ಕಂಡ ಸೋಲುಗಳೂ ದೊಡ್ಡವು. 2009, 2012, 2015: ಮೂರು ಬಾರಿ ರಾಜನ ಕಪ್ಪಿನ ಅಂತಿಮ ಪಂದ್ಯ, ಮೂರು ಬಾರಿಯೂ ಎದುರಾಳಿ ಬಾರ್ಸಿಲೋನಾ, ಮೂರು ಬಾರಿಯೂ ಸೋಲು. 2012ರಲ್ಲಿ ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾ ಅವರ ಮಾರ್ಗದರ್ಶನದಲ್ಲಿ ಈ ತಂಡ ಯೂರೋಪಾ ಲೀಗಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅದರ ಮನೆಯಂಗಳದಲ್ಲೂ ತನ್ನ ಮನೆಯಂಗಳದಲ್ಲೂ ಸೋಲಿಸಿತು. ಉಪಾಂತ್ಯದಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ವಿರುದ್ಧ ಬಿಲ್ಬಾವೊದಲ್ಲಿ 3-1ರ ಗೆಲುವು ದೊರೆತಾಗ ಗೋಲು ಗಳಿಸಿದವರಲ್ಲಿ ಸುಸಾಯೆಟಾ ಒಬ್ಬರು. ಆದರೆ ಮೇ 9ರಂದು ಬುಖಾರೆಸ್ಟ್‌ನ ಅಂತಿಮ ಪಂದ್ಯದಲ್ಲಿ ಅಟ್ಲೆಟಿಕೋ ಮ್ಯಾಡ್ರಿಡ್ ಎದುರು 0-3. ಕೊನೆಗೆ 2015ರ ಆಗಸ್ಟ್‌ನಲ್ಲಿ ಸೂಪರ್ ಕಪ್ಪಿನ ಎರಡು ಪಂದ್ಯಗಳಲ್ಲಿ ಅದೇ ಬಾರ್ಸಿಲೋನಾವನ್ನು ಒಟ್ಟು 5-1ರಿಂದ ಮಣಿಸಿದಾಗ, 31 ವರ್ಷಗಳ ಮೇಲೆ ಬಿಲ್ಬಾವೊಗೆ ಒಂದು ಪ್ರಶಸ್ತಿ ಬಂದಿತು. ಇಷ್ಟು ಸೋಲುಗಳ ನಡುವೆಯೂ ಕಟ್ಟಳೆಯನ್ನು ಕೈಬಿಟ್ಟು ಹೊರಗಿನವರನ್ನು ಕೊಳ್ಳೋಣ ಎಂಬ ನಿರ್ಧಾರಕ್ಕೆ ಕ್ಲಬ್ಬಿನ ಸದಸ್ಯರು ಬರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊಳ್ಳುವ ದಾರಿ ಇಲ್ಲದ ಕ್ಲಬ್ಬಿಗೆ ತಾಳ್ಮೆಯೊಂದೇ ದಾರಿ. ಎಡವಿದ ವಿಂಗರನ್ನು ಬದಿಗೊತ್ತಿ ಇನ್ನೊಬ್ಬನನ್ನು ತರಿಸುತ್ತೇನೆ ಎನ್ನುವಂತಿಲ್ಲ. ಇರುವ ಹುಡುಗನನ್ನೇ ಬೆಳೆಸಬೇಕು, ಅವನ ಒಳ್ಳೆಯ ವರ್ಷಕ್ಕೂ ಕೆಟ್ಟ ವರ್ಷಕ್ಕೂ ಕಾಯಬೇಕು. ಸುಸಾಯೆಟಾ ಅವರ ಪ್ರತಿಭೆಯನ್ನು ನಾವು ಕಡಿಮೆ ಮಾಡುತ್ತಿಲ್ಲ. ಆದರೆ ಅವರ ಹನ್ನೆರಡು ವರ್ಷಗಳಲ್ಲಿ ಆ ತಾಳ್ಮೆಗೂ ಪಾಲಿದೆ. ಹಾಗೆ ಬೆಳೆದವರು ಮುಂದೆ ಆ ತಂಡದ ನಾಯಕರ ಸಾಲಿನಲ್ಲಿ ನಿಂತರು.

ಇನ್ನು ಅವರ ಬಾಳಿನ ಅತಿ ಹೆಚ್ಚು ಚರ್ಚೆಗೊಳಗಾದ ಪ್ರಸಂಗ. 2012ರ ನವೆಂಬರ್‌ನಲ್ಲಿ ಸ್ಪೇನಿನ ರಾಷ್ಟ್ರೀಯ ತಂಡಕ್ಕೆ ಅವರಿಗೆ ಕರೆ ಬಂದಿತು. ಆಗ ಸ್ಪೇನ್ ವಿಶ್ವ ಚಾಂಪಿಯನ್. ಪತ್ರಕರ್ತರ ಮುಂದೆ ಮಾತನಾಡುವಾಗ, ತಾವೆಲ್ಲ ಯಾವುದನ್ನು ಪ್ರತಿನಿಧಿಸಲು ಬಂದಿದ್ದೇವೆ ಎಂದು ಹೇಳಬೇಕಾದಲ್ಲಿ ಅವರು ತಡೆದು, ದೇಶದ ಹೆಸರನ್ನು ಉಚ್ಚರಿಸದೆ, ‘ಒಂದು ವಸ್ತು’ ಎಂಬರ್ಥದ ಪದವನ್ನು ಬಳಸಿದರು. ಸ್ಪೇನಿನ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ದೇಶದ್ರೋಹವೆಂದರು ಕೆಲವರು, ಸಂಕೋಚವೆಂದರು ಕೆಲವರು. ಬಳಿಕ ಸ್ಪಷ್ಟೀಕರಣವೂ ಹೊರಬಿದ್ದಿತು. ನವೆಂಬರ್ 14ರಂದು ಪನಾಮಾ ವಿರುದ್ಧ 5-1ರಿಂದ ಗೆದ್ದ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಇಳಿದ ಅವರು ಒಂದು ಗೋಲು ಗಳಿಸಿದರು. ಸ್ಪೇನಿನ ಪರ ಅವರ ಮೊದಲ ಪಂದ್ಯವೂ ಕೊನೆಯ ಪಂದ್ಯವೂ ಅದೇ ಆಯಿತು.

ಆ ತಡವರಿಕೆ ನಮ್ಮ ಮನೆಗಳಿಗೆ ಅಪರಿಚಿತವೇ? 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಭಾರತ, ಆಸ್ಟ್ರೇಲಿಯಾ ನಡುವೆ ವಿಶ್ವ ಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯ ನಡೆದಾಗ, ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ ನೀಲಿ ಅಂಗಿ, ಮಗ ಹಳದಿ ಅಂಗಿ. ‘ನೀನು ಯಾರ ಕಡೆ?’ ಎಂದು ಶಾಲೆಯಲ್ಲೂ ಕೇಳುತ್ತಾರೆ, ಊರಿಗೆ ಹೋದಾಗ ಚಿಕ್ಕಪ್ಪ, ಸೋದರತ್ತೆಯರೂ ಕೇಳುತ್ತಾರೆ. ಒಂದೇ ಪದದ ಉತ್ತರ ಬೇಕೆಂದು ಎಲ್ಲರೂ ಬಯಸುವಾಗ ಮಗುವಿನ ನಾಲಗೆ ತಡವರಿಸುತ್ತದೆ. ಆ ತಡವರಿಕೆಯಲ್ಲಿ ದ್ರೋಹವಿಲ್ಲ. ಎರಡು ನಿಷ್ಠೆಗಳನ್ನು ಒಂದು ಪದದೊಳಗೆ ತುರುಕಲಾಗದ ಕಷ್ಟವಿದೆ, ಅಷ್ಟೆ. ಅಥ್ಲೆಟಿಕ್ ಕ್ಲಬ್ಬಿನಲ್ಲೇ ಇದಕ್ಕೆ ಇನ್ನೂ ಸೊಗಸಾದ ನಿದರ್ಶನವಿದೆ. ಘಾನಾದಿಂದ ಸಹಾರಾ ಮರುಭೂಮಿಯನ್ನು ದಾಟಿ ಬಂದ ತಂದೆತಾಯಿಗಳ ಮಕ್ಕಳಾದ ವಿಲಿಯಮ್ಸ್ ಸೋದರರಲ್ಲಿ ಅಣ್ಣ ಇನ್ಯಾಕಿ ಘಾನಾದ ಪರ 2022ರ ವಿಶ್ವ ಕಪ್ ಆಡಿದರು. ತಮ್ಮ ನಿಕೊ ಸ್ಪೇನಿನ ಪರ 2024ರ ಯೂರೋ ಅಂತಿಮ ಪಂದ್ಯದಲ್ಲಿ ಗೋಲು ಗಳಿಸಿದರು. ಒಂದೇ ತಾಯಿಯ ಮಕ್ಕಳು, ಎರಡು ದೇಶ, ಒಂದೇ ಕ್ಲಬ್.

ಈ ಕಟ್ಟಳೆಯಲ್ಲಿ ಸಂಕುಚಿತತೆಯಿಲ್ಲವೇ ಎಂದು ತಾವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನಮ್ಮವರು ಮಾತ್ರ ಎಂಬ ಮಾತು ಎಲ್ಲೆಡೆಯೂ ಗೋಡೆಯಾಗಬಲ್ಲದು. ಕಪ್ಪು ವರ್ಣದ ಆಟಗಾರನೊಬ್ಬ ಆ ಕ್ಲಬ್ಬಿನ ಮೊದಲ ತಂಡಕ್ಕೆ ಇಳಿದದ್ದು 2011ರಲ್ಲಿ, ಎಂದರೆ ಬಹಳ ತಡವಾಗಿ. ಅಂಗೋಲಾದ ತಂದೆ, ಬಾಸ್ಕ್ ತಾಯಿಯ ಮಗನಾದ ಯೋನಾಸ್ ರಮಾಲ್ಯೊ ಆ ಆಟಗಾರ. 2014ರಲ್ಲಿ ಇನ್ಯಾಕಿ ವಿಲಿಯಮ್ಸ್ ಬಂದರು. ಫ್ರಾನ್ಸ್‌ನಲ್ಲಿ ಹುಟ್ಟಿ ಬಾಸ್ಕ್ ಸೀಮೆಯಲ್ಲಿ ಪಳಗಿದ ಐಮರಿಕ್ ಲಾಪೋರ್ತ್ ಕೂಡ ಈ ನಡುವೆಯೇ ಬಂದವರು. ಸುಸಾಯೆಟಾ ಬಲ ಅಂಚಿನಲ್ಲಿ ಓಡುತ್ತಿದ್ದ ವರ್ಷಗಳಲ್ಲೇ, ಕಟ್ಟಳೆಯ ಅಕ್ಷರ ಬದಲಾಗದೆ ಅದರ ಬಾಗಿಲು ಅಗಲವಾಯಿತು. ಬಾಗಿಲನ್ನು ತೆರೆದದ್ದು ‘ಅಲ್ಲಿ ಪಳಗಿದವರು’ ಎಂಬ ಎರಡನೆಯ ಭಾಗ. ಹುಟ್ಟಿನಿಂದಲ್ಲದಿದ್ದರೂ ಪಳಗುವಿಕೆಯಿಂದ ನಮ್ಮವನಾಗಬಹುದು ಎಂಬ ಈ ತತ್ತ್ವ ವಲಸೆ ಬಂದ ನಮ್ಮಂಥವರಿಗೆ ಬಹು ಮುಖ್ಯವಾದದ್ದು.

ಬಾಸ್ಕರೂ ನಮ್ಮಂತೆಯೇ ಈ ದೇಶಕ್ಕೆ ವಲಸೆ ಬಂದವರು. ಉತ್ತರ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಲ್ಲಿ ಕಬ್ಬು ಕಡಿಯಲು ಇಪ್ಪತ್ತನೆಯ ಶತಮಾನದ ಆದಿಭಾಗದಿಂದಲೂ ಬಾಸ್ಕ್ ತರುಣರು ಬಂದರು. 1958ರಲ್ಲಿ ಎರಡು ಸರ್ಕಾರಗಳ ಒಪ್ಪಂದದಡಿ ಇನ್ನಷ್ಟು ಮಂದಿ ಬಂದರು. ಇಂಗಮ್ ಬಳಿಯ ಟ್ರೆಬೋನ್‌ನಲ್ಲಿ ಅವರು 1959ರಲ್ಲಿ ಕಟ್ಟಿಕೊಂಡ, ಗೋಡೆಗೆ ಚೆಂಡು ಹೊಡೆದಾಡುವ ಪೆಲೋಟಾ ಆಟದ ಅಂಗಣ ಇಂದಿಗೂ ನಿಂತಿದೆ. ಸಿಡ್ನಿಯ ಡಾರ್ಲಿಂಗ್‌ಹರ್ಸ್ಟ್‌ನಲ್ಲಿ ಅವರ ಕೂಟವಿದೆ. ಹೆಸರು ಗುರೆ ಚೋಕೊ. ‘ನಮ್ಮ ಮೂಲೆ’ ಎಂದು ಅರ್ಥ. ನಮ್ಮ ಕೂಟಗಳಿಗೂ ಒಪ್ಪುವ ಹೆಸರು ಅದು.

ಬಂಧುಗಳೆ, ಈಗ ನಮ್ಮ ಮೂಲೆಯ ಕಡೆಗೆ ತಿರುಗೋಣ. ಸ್ಕೋಫೀಲ್ಡ್ಸ್, ಟ್ಯಾಲವಾಂಗ್, ದಿ ಪಾಂಡ್ಸ್‌ಗಳಿಗೆ ವರ್ಷವರ್ಷವೂ ಬೆಂಗಳೂರು ಮೈಸೂರುಗಳಿಂದ ಹೊಸ ಕುಟುಂಬಗಳು ಬರುತ್ತಿವೆ. ಅವರ ಮಕ್ಕಳ ಕನ್ನಡ ನೀರು ಹರಿದಂತೆ ಹರಿಯುತ್ತದೆ. ಇಲ್ಲಿಯೇ ಹುಟ್ಟಿದ ಮಕ್ಕಳ ಕನ್ನಡ ಕಲ್ಲುಮುಳ್ಳಿನ ದಾರಿ. ‘ಳ’ಕಾರ ‘ಲ’ಕಾರವಾಗುತ್ತದೆ, ಕ್ರಿಯಾಪದ ದಾರಿ ತಪ್ಪುತ್ತದೆ. ರಾಜ್ಯೋತ್ಸವದ ನಾಟಕಕ್ಕೆ ಪಾತ್ರ ಹಂಚುವಾಗ ನಾವು ಯಾರನ್ನು ಆರಿಸುತ್ತೇವೆ? ಕಾರ್ಯಕ್ರಮ ಚೆನ್ನಾಗಿ ಮೂಡಿಬರಲೆಂದು ನಿರರ್ಗಳವಾಗಿ ಮಾತಾಡುವ ಮಗುವಿಗೇ ದೊಡ್ಡ ಪಾತ್ರ. ಇಲ್ಲಿಯ ಮಗುವಿಗೆ ಮರದ ವೇಷ, ಇಲ್ಲವೇ ತೆರೆ ಎಳೆಯುವ ಕೆಲಸ. ಇದು ಆಟಗಾರರನ್ನು ಕೊಂಡು ತರುವ ಕ್ಲಬ್ಬಿನ ನೀತಿ. ಆ ಸಂಜೆಯ ಮಟ್ಟಿಗೆ ಗೆಲುವು ಖಂಡಿತ. ಆದರೆ ಊರಿನಿಂದ ಬರುವ ಹೊಸಬರ ಸಾಲು ಎಂದಾದರೊಂದು ದಿನ ತೆಳುವಾದಾಗ, ಮೈದಾನಕ್ಕೆ ಇಳಿಸಲು ನಮ್ಮಲ್ಲಿ ಯಾರಿರುತ್ತಾರೆ?

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಇಲ್ಲಿ ಹುಟ್ಟಿದ ಮಗು ಧೈರ್ಯ ಮಾಡಿ ಒಂದು ಕನ್ನಡ ವಾಕ್ಯವನ್ನು ಹೇಳುತ್ತದೆ. ‘ಅಜ್ಜಿ ಬಂದಿದ್ದಾನೆ’ ಎನ್ನುತ್ತದೆ. ಮನೆಯಲ್ಲಿ ನೆರೆದವರೆಲ್ಲ ಗೊಳ್ಳೆಂದು ನಗುತ್ತೇವೆ. ನಗೆಯಲ್ಲಿ ಕೇಡಿಲ್ಲ, ಮುದ್ದೇ ಇದೆ. ಆದರೆ ಗೆರೆಯ ಬದಿಯಲ್ಲಿ ಓಡುವ ಆ ಪುಟ್ಟ ವಿಂಗರಿಗೆ ಅದು ಸಿಳ್ಳೆಯಾಗಿಯೇ ಕೇಳಿಸುತ್ತದೆ. ಮುಂದಿನ ಸಲ ಅವನು ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ, ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ತಪ್ಪಿಲ್ಲದ, ಅಪಾಯವಿಲ್ಲದ ಉತ್ತರ. ಹತ್ತು ವರ್ಷಗಳಾದ ಮೇಲೆ ‘ನಮ್ಮ ಹುಡುಗನಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದಿಲ್ಲ’ ಎಂದು ನಾವೇ ನಿಟ್ಟುಸಿರು ಬಿಡುತ್ತೇವೆ. ಅರ್ಥವಾಗುವುದಕ್ಕೂ ಆಡುವುದಕ್ಕೂ ನಡುವೆ ಇರುವ ಆ ಗೆರೆಯನ್ನು ಅವನು ದಾಟದಂತೆ ತಡೆದದ್ದು ಬಹುಪಾಲು ನಮ್ಮ ನಗೆಯೇ.

ಆದುದರಿಂದ ತಮ್ಮ ಮುಂದೆ ಎರಡು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದು, ಮುಂದಿನ ರಾಜ್ಯೋತ್ಸವದಲ್ಲಿ ಒಂದು ನಾಟಕವಾದರೂ ಇಲ್ಲಿ ಹುಟ್ಟಿದ ಮಕ್ಕಳದೇ ಆಗಿರಲಿ. ಮಾತು ತಪ್ಪಲಿ, ಉಚ್ಚಾರಣೆ ಎಡವಲಿ; ಸಭೆ ತಾಳ್ಮೆಯಿಂದ ಕೇಳಲಿ. ಕನ್ನಡ ಬಾರದ ಸೊಸೆ ಅಳಿಯಂದಿರಿಗೂ, ಕಲಿಯಬಯಸುವ ನೆರೆಯವರಿಗೂ ನಮ್ಮ ವಾರಾಂತ್ಯದ ತರಗತಿಯಲ್ಲಿ ಜಾಗವಿರಲಿ. ‘ಹೊಸ ಕನ್ನಡಿಗ’ ಎಂಬುದು ನಮ್ಮಲ್ಲೂ ಗೌರವದ ಪದವಾಗಲಿ. ಎರಡನೆಯದು, ಆ ತರಗತಿಯನ್ನು ಹಬ್ಬಕ್ಕಿಂತ ಮುಖ್ಯವೆಂದು ತಿಳಿಯೋಣ. ಲೆಸಾಮಾದ ವಾರವಾರದ ಅಭ್ಯಾಸವಿಲ್ಲದೆ ಬಿಲ್ಬಾವೊದ ಜಯಘೋಷ ಇರುತ್ತಿರಲಿಲ್ಲ. ನಮ್ಮ ಊಟದ ಸಾಲು ಉದ್ದವಿದ್ದು ಪಾಠದ ಸಾಲು ಗಿಡ್ಡವಾಗಿದ್ದರೆ ಕೂಟ ಹೆಚ್ಚು ದಿನ ಬಾಳದು.

ಸುಸಾಯೆಟಾ 2019ರಲ್ಲಿ ಕ್ಲಬ್ ಬಿಟ್ಟರು. ಜಪಾನಿನ ಗಾಂಬಾ ಒಸಾಕಾದಲ್ಲಿ ಕೆಲವು ತಿಂಗಳು, ಅನಂತರ ಮೆಲ್ಬರ್ನ್. ಈಗ ಅವರು ವೃತ್ತಿಯಾಟದಿಂದ ನಿವೃತ್ತರು. ಅವರು ಮೂರು ಸಲ ಸೋತ ಆ ರಾಜನ ಕಪ್ಪನ್ನು ಅಥ್ಲೆಟಿಕ್ ಕ್ಲಬ್ 2024ರ ಏಪ್ರಿಲ್ 6ರಂದು ಸೆವಿಯಾದಲ್ಲಿ, 40 ವರ್ಷಗಳ ಅನಂತರ, ಗೆದ್ದಿತು. ಐದು ದಿನಗಳ ಮೇಲೆ ಆಟಗಾರರನ್ನು ದೋಣಿಯಲ್ಲಿ ಕೂರಿಸಿ ಬಿಲ್ಬಾವೊದ ನದಿಯುದ್ದಕ್ಕೂ ಮೆರವಣಿಗೆ ಮಾಡಿದರು. ದಡಗಳಲ್ಲಿ ಲಕ್ಷಾಂತರ ಜನ. ಆ ದೋಣಿಯಲ್ಲಿದ್ದ ತಂಡದಲ್ಲಿ ಸುಸಾಯೆಟಾ ಇರಲಿಲ್ಲ. ಆದರೆ ಅವರಂಥವರು ಸೋಲಿನ ವರ್ಷಗಳಲ್ಲಿ ಅಂಚಿನ ಗೆರೆಯುದ್ದಕ್ಕೂ ಓಡುತ್ತಲೇ ಇದ್ದುದರಿಂದ ಆ ಕಟ್ಟಳೆ ಉಳಿಯಿತು, ಕಟ್ಟಳೆ ಉಳಿದುದರಿಂದ ಆ ದೋಣಿ ಹೊರಟಿತು.

ನಾವು ನೆಟ್ಟ ಕನ್ನಡದ ಫಲವನ್ನು ನಾವೇ ಉಣ್ಣುತ್ತೇವೆಂಬ ಭರವಸೆ ಯಾರಿಗೂ ಇಲ್ಲ. ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಬರಬಹುದು. ಅಲ್ಲಿಯವರೆಗೆ ಮಕ್ಕಳು ಎಡವಲಿ, ಎದ್ದು ಮತ್ತೆ ನುಗ್ಗಲಿ. ಗೆರೆಯ ಬದಿಯಲ್ಲಿ ನಿಂತ ನಾವು ಚಪ್ಪಾಳೆ ತಟ್ಟೋಣ.